ಚಿಂದಿ ಬಟ್ಟೆಗೆ ಬೆಲೆ ಕಟ್ಟಿದ ಅರಸ: ಮತ್ಸುದೈರ ಫುಮೈ

ಪಶ್ಚಿಮ ಜಪಾನಿನ ಮತ್ಸುಎ ಸಂಸ್ಥಾನಕ್ಕೆ 1767ರಲ್ಲಿ ಮತ್ಸುದೈರ ಹರುಸಾತೊ ಅರಸನಾದ. ಹುಟ್ಟಿದ್ದು 1751ರಲ್ಲಿ. ಜಪಾನಿನವರ ಲೆಕ್ಕದ ಪ್ರಕಾರ ಆಗ ಅವನಿಗೆ 17, ಅಂದರೆ ನಮ್ಮ ದ್ವಿತೀಯ ಪಿಯುಸಿಯ ವಯಸ್ಸು. ತಂದೆ ಬಿಟ್ಟುಹೋದದ್ದು ದೊಡ್ಡ ಸಾಲ. ಅಸಾಹಿ ತಂಬಾ ಎಂಬ ವಯಸ್ಸಾದ ಮಂತ್ರಿ ಲೆಕ್ಕ ಹಿಡಿದು ಖರ್ಚು ಕಡಿತ ಮಾಡಿದ. ಜಿನ್ಸೆಂಗ್ ಎಂಬ ಔಷಧದ ಬೇರು ಬೆಳೆಸಿ ಮಾರುವುದು, ಕಬ್ಬಿಣ, ಮೇಣ, ಹೀಗೆ ಆದಾಯದ ದಾರಿಗಳು ತೆರೆದವು. ಸಂಸ್ಥಾನ ಉಸಿರಾಡತೊಡಗಿತು.

ಹರುಸಾತೊ ಹುಡುಗನಾಗಿದ್ದಾಗಿನಿಂದಲೇ ಚಹಾ ಕಲೆ ಕಲಿತವನು. ಆ ಲೋಕದಲ್ಲಿ ಅವನ ಹೆಸರು ಫುಮೈ. ಅಲ್ಲಿ ಚಹಾ ಪುಡಿ ಇಡುವ ಮಣ್ಣಿನ ಕುಡಿಕೆ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಅದಕ್ಕೊಂದು ಬಟ್ಟೆಯ ಚೀಲ, ಹೆಸರು ಶಿಫುಕು. ಅತಿಥಿಗಳು ಕುಡಿಕೆಯ ಜೊತೆ ಚೀಲವನ್ನೂ ಕೇಳಿ ಪಡೆದು ನೋಡುತ್ತಾರೆ. ಏಕೆಂದರೆ ಆ ಬಟ್ಟೆ ಹಡಗಿನಲ್ಲಿ ಬಂದದ್ದು. ಹೆಚ್ಚಿನವು ಚೀನಾದಿಂದ ಬಂದವು: ಕಾಗದದ ಮೇಲೆ ಚಿನ್ನದ ರೇಕು ಅಂಟಿಸಿ, ಸಣ್ಣ ಎಳೆಯಾಗಿ ಕತ್ತರಿಸಿ ನೇಯ್ದ ಕಿನ್‌ರಾನ್, ರೇಷ್ಮೆಯಲ್ಲೇ ವಿನ್ಯಾಸ ಮೂಡಿಸಿದ ದೊನ್ಸು, ಪಟ್ಟೆಪಟ್ಟೆಯ ಕಾಂತೊ. ನಮ್ಮ ಕೋರಮಂಡಲ ತೀರದ ಬಣ್ಣದ ಹತ್ತಿ ಬಟ್ಟೆಯೂ ಸರಾಸ ಎಂಬ ಹೆಸರಿನಲ್ಲಿ ಅಲ್ಲಿ ತಲುಪಿತ್ತು. ಬಟ್ಟೆ ಹಳೆಯದಾಗಿ ಹರಿದು ತುಂಡಾದರೂ ಎಸೆಯುತ್ತಿರಲಿಲ್ಲ, ತುಂಡಿಗೆ ಹೆಸರಿಡುತ್ತಿದ್ದರು. ಚಹಾ ಗುರು ರಿಕ್ಯೂನ ಹೆಸರಿನ ದೊನ್ಸು ಈಗಲೂ ಪ್ರಸಿದ್ಧ. ಅಜ್ಜಿಯ ಕಿಂಖಾಬ್ ತುಂಡನ್ನು ಟ್ರಂಕಿನ ತಳದಲ್ಲಿ ಮಡಚಿಟ್ಟಿರುವ ಮನೆಯವರಿಗೆ ಇದು ವಿಚಿತ್ರ ಅನ್ನಿಸಲಾರದು.

ಫುಮೈ ಇವನ್ನು ಕೊಂಡು ಸುಮ್ಮನಿರಲಿಲ್ಲ, ಪಟ್ಟಿ ಮಾಡಿದ. 1789ರಿಂದ 1797ರವರೆಗೆ 18 ಸಂಪುಟಗಳಲ್ಲಿ ಹೆಸರಾಂತ ಚಹಾ ಸಾಮಗ್ರಿಗಳ ಗ್ರಂಥ ಹೊರತಂದ. ಅದರಲ್ಲಿ ಬಟ್ಟೆಗಳಿಗೇ ಬೇರೆ ಭಾಗವಿದೆ, ಚಿತ್ರ ಸಮೇತ. ಅಲ್ಲಿಯವರೆಗೆ ಯಾವ ಬಟ್ಟೆ ಯಾವುದು ಎಂಬುದು ಬಹುಮಟ್ಟಿಗೆ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹೋಗುತ್ತಿದ್ದ ಸಂಗತಿ. ಅರಸನ ಪುಸ್ತಕ ಅದನ್ನು ಯಾರಾದರೂ ಓದಬಹುದಾದ ಮಾತಾಗಿಸಿತು. ಲೇಖಕನ ಜಾಗದಲ್ಲಿ ತನ್ನ ನಿಜ ಹೆಸರನ್ನೂ ಹಾಕಲಿಲ್ಲ.

ಇನ್ನು ಕಾಮರ್ಸ್ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ. ಅಬುರಾಯ ಎಂಬ ಒಂದೇ ಕುಡಿಕೆಗೆ ಅವನು ಸಾವಿರಕ್ಕೂ ಹೆಚ್ಚು ರ್ಯೋ ಕೊಟ್ಟ. ರ್ಯೋ ಎಂದರೆ ಆ ಕಾಲದ ಚಿನ್ನದ ನಾಣ್ಯ. ರಾಜಧಾನಿ ಎದೊಗೆ ಹೋಗುವಾಗ ಅದನ್ನು ಬೆನ್ನ ಮೇಲೆ ಹೊರುವ ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಒಯ್ಯುತ್ತಿದ್ದ. ಸಂಸ್ಥಾನದ ಹಳೆಯ ಸಾಲ ಮಾತ್ರ ಪೂರ್ತಿ ತೀರಿದ್ದು ಅವನು ಸತ್ತು ಇಪ್ಪತ್ತು ವರ್ಷ ಕಳೆದ ಮೇಲೆ. ಉಳಿತಾಯ ಮಾಡಿದ್ದು ಮಂತ್ರಿ ಮತ್ತು ಜನ, ಖರ್ಚು ಮಾಡಿದ್ದು ಅರಸ ಎಂದು ದೂರುವವರ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ತೆರಿಗೆ ಕಟ್ಟಿದ ರೈತ ಆ ಚೀಲವನ್ನು ಕಣ್ಣಲ್ಲಿ ಕೂಡ ನೋಡಿರಲಾರ. ಆದರೆ ಫುಮೈ ತನ್ನ ಸಂಗ್ರಹವನ್ನು ಸ್ವಂತ ಸೊತ್ತೆಂದು ಎಣಿಸಲಿಲ್ಲ. ಇವು ಇಡೀ ಲೋಕದ ವಸ್ತುಗಳು, ಎಂದೆಂದಿಗೂ ಜೋಪಾನವಾಗಿರಬೇಕು ಎಂದು ಮಗನಿಗೆ ಬರೆದಿಟ್ಟ.

1806ರಲ್ಲಿ ಅಧಿಕಾರ ಬಿಟ್ಟು ಎದೊದಲ್ಲಿ ಚಹಾ ಮನೆಗಳ ನಡುವೆ ಬದುಕಿದ. 1818ರಲ್ಲಿ ತೀರಿಕೊಂಡ. ಮುಂದೆ ಸಂಸ್ಥಾನಗಳು ಹೋದವು, ಸಂಗ್ರಹವೂ ಚದುರಿ ಬೇರೆ ಬೇರೆ ಕೈ ಸೇರಿತು. ಅಬುರಾಯ ಕುಡಿಕೆ ಈಗ ಟೋಕಿಯೊದ ಹತಕೆಯಾಮ ಮ್ಯೂಸಿಯಂನಲ್ಲಿದೆ. ಟಿಕೆಟ್ ಕೊಂಡವರು ಯಾರಾದರೂ ಅಲ್ಲಿಗೆ ಹೋಗಬಹುದು.