ನಾಲಗೆ ಹೊರಳದ ಉಸ್ತಾದ್
ಇಮಾಂ ಗಝ್ಝಾಲಿ(ರ)ಯವರ ಹೆಸರನ್ನು ನಾವು ಮದ್ರಸದಲ್ಲಿ ಎಷ್ಟು ಸಲ ಹೇಳ್ತೇವೋ ಲೆಕ್ಕವಿಲ್ಲ. ಅವರು ಪಟ್ಟ ಸಂಕಟ ಹೇಳುವುದು ಮಾತ್ರ ಕಡಿಮೆ.

1058ರಲ್ಲಿ ಇರಾನಿನ ತೂಸ್‌ನಲ್ಲಿ ಹುಟ್ಟಿದವರು. 1091ರಲ್ಲಿ ಬಗ್ದಾದಿನ ನಿಝಾಮಿಯ್ಯಾ ಮದ್ರಸದ ಮುಖ್ಯ ಉಸ್ತಾದರಾದರು. ಇಬ್ನ್ ಸೀನಾ ಸೃಷ್ಟಿಕರ್ತನನ್ನು ಒಪ್ಪಿದವರೇ. ಆದರೆ ಲೋಕ ಅನಾದಿ ಅಂದಿದ್ದರು. ಅದಕ್ಕೆ ಇಮಾಮರು ‘ತಹಾಫುತುಲ್ ಫಲಾಸಿಫ’ ಬರೆದು ಉತ್ತರ ಕೊಟ್ಟರು. ಅವರ ವಾದ ಸರಳ: ಆರಂಭವಿರುವ ಎಲ್ಲದಕ್ಕೂ ಕಾರಣ ಬೇಕು, ಲೋಕಕ್ಕೆ ಆರಂಭವಿದೆ, ಹಾಗಾದರೆ ಅದನ್ನು ಉಂಟುಮಾಡಿದವನೂ ಇದ್ದಾನೆ.

ವಾದ ಗೆದ್ದವರಿಗೆ ನೆಮ್ಮದಿ ಸಿಕ್ಕಿತಾ? ಇಲ್ಲ. ಪಾಠ ಹೇಳುವುದು ಅಲ್ಲಾಹನಿಗಾಗಿಯೋ, ಹೆಸರಿಗಾಗಿಯೋ ಎಂಬ ಪ್ರಶ್ನೆ ಕೊರೆಯಿತು. 1095ರಲ್ಲಿ ಪಾಠಕ್ಕೆ ಕೂತರೆ ನಾಲಗೆ ಹೊರಳಲಿಲ್ಲ, ಊಟ ಗಂಟಲಲ್ಲಿ ಇಳಿಯಲಿಲ್ಲ. ವೈದ್ಯರೂ ಕೈಚೆಲ್ಲಿದರು. ಮಕ್ಕಳ ಖರ್ಚಿಗಿಟ್ಟು ಉಳಿದದ್ದನ್ನು ಹಂಚಿ, ದಮಾಸ್ಕಸ್ಸಿನ ಮಸೀದಿಯ ಮಿನಾರ ಹತ್ತಿ ಬಾಗಿಲು ಹಾಕಿಕೊಂಡರು.