ಪುಟ್ಟ ಬಾಗಿಲುಗಳನ್ನು ಕಂಡ ಫಾಬ್ರಿಸಿಯಸ್

ಕಲಾ ವಿಭಾಗದವನಾದ ನನಗೆ ಶರೀರಶಾಸ್ತ್ರ ಹೊರಗಿನ ವಿಷಯ. ಆದರೂ ಯೂರೋಪಿನ ಇತಿಹಾಸವನ್ನು ಓದುವಾಗ ಎದುರಾದ ಇಟಲಿಯ ವೈದ್ಯ ಫಾಬ್ರಿಸಿಯಸ್‌ನ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ಅಕ್ವಪೆಂಡೆಂಟೆ ಎಂಬ ಊರಿನಲ್ಲಿ ಹುಟ್ಟಿದ ಈತನು ಪಡುವಾ ವಿಶ್ವವಿದ್ಯಾನಿಲಯದಲ್ಲಿ ಫಲೋಪಿಯಸ್‌ನ ಶಿಷ್ಯನಾಗಿ ಕಲಿತು, 1565ರಲ್ಲಿ ಅಲ್ಲಿಯೇ ಅಧ್ಯಾಪಕನಾದನು. ಪಾಠವನ್ನು ಸರಿಯಾಗಿ ನಡೆಸುವುದಿಲ್ಲವೆಂದು ವಿದ್ಯಾರ್ಥಿಗಳು ದೂರುತ್ತಿದ್ದರಂತೆ, ಆ ಕಾಲದಲ್ಲಿಯೂ! ಆದರೆ ಆತನ ಕಾಲದಲ್ಲಿ ಕಟ್ಟಿದ ಅಂಗಚ್ಛೇದನ ಮಂದಿರವು ಇಂದಿಗೂ ಉಳಿದಿದೆ. ನಡುವೆ ಶವದ ಮೇಜು. ಸುತ್ತಲೂ ಬಾವಿಯ ಸುತ್ತುಗಳಂತೆ ಮೇಲೇರುವ ಆರು ಸಾಲು. ನೋಡುವವರು ನಿಂತೇ ನೋಡಬೇಕಾಗಿತ್ತು.

1574ರಲ್ಲಿ ಆತನು ಸಿರೆಗಳನ್ನು ಸೀಳಿ ನೋಡುತ್ತಿದ್ದಾಗ ಒಳಗೋಡೆಯಲ್ಲಿ ತೆಳುಪೊರೆಯ ಕವಾಟಗಳು ಕಂಡವು. ಇವು ಇತರ ಕೆಲವರ ಕಣ್ಣಿಗೆ ಮೊದಲೇ ಬಿದ್ದಿದ್ದರೂ ಕ್ರಮವಾಗಿ ಹುಡುಕಿ, ಚಿತ್ರ ಬರೆಸಿ, 1603ರಲ್ಲಿ ಗ್ರಂಥವಾಗಿ ಪ್ರಕಟಿಸಿದವನು ಈತನೇ. ಅವುಗಳನ್ನು ಸಿರೆಗಳ ಪುಟ್ಟ ಬಾಗಿಲುಗಳೆಂದು ಕರೆದನು. ಬದುಕಿರುವವನ ಕೈಯನ್ನಾಗಲಿ ಕಾಲನ್ನಾಗಲಿ ಪಟ್ಟಿಯಿಂದ ಬಿಗಿದರೆ ಬಾಗಿಲಿರುವ ಕಡೆಗಳಲ್ಲಿ ಸಿರೆಯು ಗಂಟುಗಂಟಾಗಿ ಉಬ್ಬುವುದೆಂದೂ, ಹೊರೆಯಾಳುಗಳ ಮತ್ತು ರೈತರ ಕಾಲುಗಳಲ್ಲಿ ಇಂಥ ಉಬ್ಬುಗಳು ಕಾಣುವುವೆಂದೂ ಬರೆದನು. ಮೂಟೆ ಹೊತ್ತೇ ನನ್ನನ್ನು ಓದಿಸುತ್ತಿರುವ ನಮ್ಮ ತಂದೆಯವರ ಮೀನಖಂಡದ ಮೇಲೂ ಆ ಗಂಟುಗಳಿವೆ. ಮನೆಯಲ್ಲಿ ಅದನ್ನು ರೋಗವೆಂದು ಯಾರೂ ಎಣಿಸಿದವರಲ್ಲ. ನಾಲ್ಕು ಶತಮಾನಗಳ ಹಿಂದೆಯೇ ಒಬ್ಬ ಪಂಡಿತನು ಕೂಲಿಯವನ ಕಾಲನ್ನು ಗ್ರಂಥಕ್ಕೆ ತಕ್ಕ ವಿಷಯವೆಂದು ತಿಳಿದನಲ್ಲಾ, ಅದಕ್ಕಾಗಿಯೇ ಆತನು ನನಗೆ ಪ್ರಿಯನು.

ಆದರೆ ಬಾಗಿಲುಗಳೇಕಿವೆ? ರಕ್ತವು ಯಕೃತ್ತಿನಲ್ಲಿ ಹುಟ್ಟಿ ಸಿರೆಗಳ ಮೂಲಕ ಹೊರಕ್ಕೆ ಹರಿಯುವುದೆಂಬ ಗ್ಯಾಲೆನ್ನನ ಮತವನ್ನು ಆತನು ಬಿಡಲಿಲ್ಲ. ರಕ್ತವೆಲ್ಲ ಪಾದಕ್ಕೆ ನುಗ್ಗದಂತೆ ಅವು ತಡೆಯುವುವೆಂದು ತಿಳಿದನು. ಬಾಗಿಲುಗಳೆಲ್ಲ ಹೃದಯದ ಕಡೆಗೇ ತೆರೆಯುವುದನ್ನು ಕಂಡೂ ಕಾಣದೆ ಹೋದನು! ಆತನಲ್ಲಿ ಕಲಿತು 1602ರಲ್ಲಿ ಪದವಿ ಪಡೆದ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಅದೇ ಬಾಗಿಲುಗಳನ್ನು ಆಧಾರವಾಗಿಟ್ಟುಕೊಂಡು, ಸಿರೆಯ ರಕ್ತವು ಹೃದಯಕ್ಕೆ ಮರಳುವುದೆಂದು 1628ರಲ್ಲಿ ತೋರಿಸಿದನು.

ಪಾದದ ಮೇಲಿನ ಕಮಾನಿನಿಂದ ಹೊರಟ ದೊಡ್ಡ ಸಿರೆಯು ಒಳಗಣ್ಣಿನ ಮುಂದಾಗಿ ಮೇಲೇರುವುದು. ಚಿಕ್ಕದು ಹೊರಗಣ್ಣಿನ ಹಿಂದಾಗಿ. ಅವುಗಳ ಕವಲುಗಳೂ ಬಾಗಿಲುಗಳ ಸಂಖ್ಯೆಯೂ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಒಬ್ಬನದೇ ಎರಡು ಕಾಲುಗಳಲ್ಲಿಯೂ ಬೇರೆಯಾಗಿರಬಹುದು. ಬಾಗಿಲು ಸೋತರೆ ರಕ್ತವು ಹಿಂದಕ್ಕೆ ಜಾರಿ ಸಿರೆಯು ಉಬ್ಬುವುದು. ಹೊರೆಯಾಳಿನ ಕಾಲಿನ ಗಂಟಿಗೆ ಹೀಗೊಂದು ಕಾರಣವಿದ್ದೀತೆಂದು ತಿಳಿಯುವ ದಾರಿಯನ್ನು ತೆರೆದ ಶಿಷ್ಯನ ಗ್ರಂಥವು ಬರುವುದಕ್ಕೆ ಒಂಬತ್ತು ವರ್ಷ ಮೊದಲೇ, 1619ರಲ್ಲಿ, ಫಾಬ್ರಿಸಿಯಸ್ ತೀರಿಕೊಂಡಿದ್ದನು.