ವ್ಯಂಗ್ಯಚಿತ್ರದ ಹಾದಿ ತೆರೆದ ಮಹಾಕವಿ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಮೌಂಟ್ ರಸ್ತೆಯ ಹಿಗ್ಗಿನ್‌ಬಾಥಮ್ಸ್ ಮಳಿಗೆಯಲ್ಲಿ ಚಿತ್ರದ ಅಂಚೆ ಕಾರ್ಡುಗಳು ಮಾರಾಟವಾಗುತ್ತಿದ್ದವು. ನಗರದ ಭವ್ಯ ಕಟ್ಟಡಗಳೂ ಬಿಳಿಯರ ಮನೆಯ ಆಳುಕಾಳುಗಳೂ ಅವುಗಳಲ್ಲಿ ಕಾಣುತ್ತಿದ್ದರು. ಪ್ರಜೆಗಳ ಅಸಮಾಧಾನ ಮಾತ್ರ ಕಾಣುತ್ತಿರಲಿಲ್ಲ. ಅದೇ ನಗರದಲ್ಲಿ ಆ ಕೊರತೆಯನ್ನು ಅಚ್ಚಿನ ಚಿತ್ರದಿಂದಲೇ ತುಂಬಿದವರು ಸುಬ್ರಹ್ಮಣ್ಯ ಭಾರತಿಯವರು.

1882ರ ಡಿಸೆಂಬರ್ 11ರಂದು ಎಟ್ಟಯಪುರದಲ್ಲಿ ಜನಿಸಿದ ಭಾರತಿಯವರನ್ನು ನಾವೆಲ್ಲ ಕವಿಯೆಂದೇ ಬಲ್ಲೆವು. 1904ರಲ್ಲಿ ಮದರಾಸಿಗೆ ಬಂದು 'ಸ್ವದೇಶಮಿತ್ರನ್' ಪತ್ರಿಕೆಯನ್ನು ಸೇರಿದ ಅವರು, 1906ರಲ್ಲಿ ಆರಂಭವಾದ 'ಇಂಡಿಯಾ' ವಾರಪತ್ರಿಕೆಯ ಸಾರಥ್ಯ ವಹಿಸಿದರು. ಇದರ ಬೆನ್ನಿಗೆ ನಿಂತದ್ದು ನಮ್ಮ ಮಂಡ್ಯ ಸೀಮೆಯ ಮೂಲವುಳ್ಳ ಮಂಡಯಂ ಅಯ್ಯಂಗಾರರ ಮನೆತನವೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ತಮಿಳು ಪತ್ರಿಕೋದ್ಯಮದಲ್ಲಿ ರಾಜಕೀಯ ವ್ಯಂಗ್ಯಚಿತ್ರಕ್ಕೆ ಹಾದಿ ತೆರೆದದ್ದು ಈ ಪತ್ರಿಕೆ. ಕಲ್ಪನೆ ಭಾರತಿಯವರದು, ರೇಖೆ ಕಲಾವಿದರದು. ಜನರಿಗೆ ಪರಿಚಿತವಾದ ಹಳೆಯ ಕಥೆಗಳ ಮೇಲೆ ಅಂದಿನ ರಾಜಕಾರಣವನ್ನು ಪದರವಾಗಿ ಹೊದಿಸಿ, ಜೊತೆಗೆ ವಿವರಣೆಯನ್ನೂ ನೀಡಲಾಗುತ್ತಿತ್ತು. ಓದು ಬಾರದವರಿಗೂ ಚಿತ್ರ ಮುಟ್ಟುತ್ತದೆಂಬುದೇ ಅದರ ಬಲ. ಸರಕಾರದ ಕಣ್ಣು ಕೆಂಪಾಗಲು ಅದೂ ಒಂದು ಕಾರಣವಾಗಿರಬೇಕು. ಕೇವಲ ವ್ಯಂಗ್ಯಚಿತ್ರಗಳಿಗಾಗಿ 'ಚಿತ್ರಾವಳಿ' ಎಂಬ ಪತ್ರಿಕೆಯನ್ನು ತರುವ ಯೋಜನೆಯೂ ಅವರಿಗಿತ್ತು; ಅದು ಕೈಗೂಡಲಿಲ್ಲ.

1908ರಲ್ಲಿ ರಾಜದ್ರೋಹದ ಮೊಕದ್ದಮೆ ಎರಗಿತು. ಸರಕಾರಿ ದಾಖಲೆಯಲ್ಲಿ ಸಂಪಾದಕರಾಗಿ ಹೆಸರಿದ್ದವರು ಎಂ. ಶ್ರೀನಿವಾಸನ್. ಸೆರೆಮನೆಗೆ ಹೋದವರೂ ಅವರೇ. ಭಾರತಿಯವರು ಫ್ರೆಂಚರ ಆಡಳಿತದಲ್ಲಿದ್ದ ಪುದುಚೇರಿಯನ್ನು ಸೇರಿದರು. ಈ ಕಹಿ ಸತ್ಯವನ್ನು ಮರೆಮಾಚುವುದು ನಮಗೆ ಸರಿಯೆನಿಸದು. ಪತ್ರಿಕೆ ಅಲ್ಲಿಂದ ಮರುಹುಟ್ಟು ಪಡೆದರೂ, ಬ್ರಿಟಿಷ್ ಸೀಮೆಯೊಳಗೆ ಅದಕ್ಕೆ ನಿಷೇಧ ಬಿದ್ದು, 1910ರಲ್ಲಿ ನಿಂತುಹೋಯಿತು.

ಹತ್ತು ವರ್ಷಗಳ ಅಜ್ಞಾತವಾಸದಂತಹ ಬದುಕಿನ ನಂತರ, 1918ರಲ್ಲಿ ಗಡಿ ದಾಟಿದೊಡನೆ ಭಾರತಿಯವರಿಗೂ ಬಂಧನ ಕಾದಿತ್ತು. ಕಡಲೂರಿನ ಸೆರೆಯಿಂದ ಬಿಡುಗಡೆ ಹೊಂದಿದ ಅವರು ಮತ್ತೆ 'ಸ್ವದೇಶಮಿತ್ರನ್' ಸೇರಿ, 1921ರ ಸೆಪ್ಟೆಂಬರಿನಲ್ಲಿ ತಿರುವಲ್ಲಿಕ್ಕೇಣಿಯಲ್ಲಿ ಕಣ್ಮುಚ್ಚಿದರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಅವರು ಕಡೆಯ ದಿನಗಳನ್ನು ಕಳೆದ ಮನೆ ಇಂದು ಸ್ಮಾರಕವಾಗಿದೆ. ಪಾರ್ಥಸಾರಥಿ ದೇವಾಲಯಕ್ಕೆ ಹೋದಾಗ ನಾವು ಮಕ್ಕಳೊಡನೆ ಅಲ್ಲಿಗೂ ಹೋಗಿಬರೋಣ. ಕವಿಗೆ ಕೈಮುಗಿಯುವಾಗ, ಅವರ ಪತ್ರಿಕೆಗಾಗಿ ಸೆರೆವಾಸ ಉಂಡ ಶ್ರೀನಿವಾಸನ್ ಅವರನ್ನೂ ನೆನೆಯೋಣ.